ಶೆರ್ರಿ ಪೀಪಾಯಿಯ ಸೀಮಿತ ಸ್ಕಾಚ್: ಮುಂಬಯಿಯ ಮನೆಯಲ್ಲಿ ಸವಿಯುವ ಕ್ರಮ

ಶೆರ್ರಿ ಪೀಪಾಯಿಯಲ್ಲಿ ಮಾಗಿದ ಸ್ಕಾಚ್ ವಿಸ್ಕಿಯನ್ನು ಸವಿಯಲು ಕೂರುವವರು ಮೊದಲ ಸಲ ಮೂಸುವಾಗಿನಿಂದ ಕೊನೆಯ ಗುಟುಕಿನವರೆಗೆ ಒಂದೇ ಪ್ರಶ್ನೆಯನ್ನು ಕೈಬಿಡದೆ ಹಿಡಿದಿರಬೇಕು. ಬಾರ್ಲಿಯಿಂದ ಬಟ್ಟಿ ಇಳಿಸಿದ ಆ ಮೂಲ ಸ್ಪಿರಿಟ್ ಗ್ಲಾಸಿನಲ್ಲಿ ಇನ್ನೂ ಗುರುತು ಸಿಗುವಂತೆ ಉಳಿದಿದೆಯೇ, ಅಥವಾ ಶೆರ್ರಿಯೂ ಓಕ್ ಮರವೂ ಸೇರಿ ಅದನ್ನು ಪೂರ್ತಿ ಮುಚ್ಚಿಬಿಟ್ಟಿವೆಯೇ ಎಂಬುದೇ ಆ ಪ್ರಶ್ನೆ. ಕಡು ಬಣ್ಣ, ಒಣದ್ರಾಕ್ಷಿಯ ಸಿಹಿ ಘಮ, ನುಣುಪಾದ ಹರಿವು ಇವೆಲ್ಲ ಯಾರನ್ನಾದರೂ ಕ್ಷಣದಲ್ಲಿ ಒಲಿಸಿಕೊಳ್ಳುತ್ತವೆ. ಆದರೆ ದುಬಾರಿ ಬೆಲೆ ತೆತ್ತು ತಂದ ಸೀಮಿತ ಬಿಡುಗಡೆಯ ಬಾಟಲಿಯೊಂದರ ನಿಜವಾದ ಗುಣ ಸ್ಪಿರಿಟ್, ಮರ ಮತ್ತು ಶೆರ್ರಿ ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸುವ ಅಭ್ಯಾಸವಾದ ಮೇಲೆಯೇ ತಿಳಿಯುತ್ತದೆ. ಆ ಅಭ್ಯಾಸವನ್ನು ಮುಂಬಯಿಯ ಸಣ್ಣ ಫ್ಲ್ಯಾಟಿನಲ್ಲಿ, ಇಲ್ಲಿಯ ಹವೆಯಲ್ಲಿ, ನಮ್ಮದೇ ಅಡುಗೆಮನೆಯ ನೆನಪುಗಳನ್ನು ಆಧಾರವಾಗಿಟ್ಟುಕೊಂಡು ಬೆಳೆಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಕಾನೂನಿನ ಮಾತನ್ನು ಹೇಳಿ ಮುಗಿಸುತ್ತೇನೆ. ಮಹಾರಾಷ್ಟ್ರದಲ್ಲಿ ವಿಸ್ಕಿಯಂತಹ ಕಡಕ್ ಮದ್ಯ ಸೇವಿಸಲು 25 ವರ್ಷ ತುಂಬಿರಬೇಕು, ಮತ್ತು 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಪರವಾನಗಿಯೂ ಬೇಕು. ಒಂದು ದಿನದ, ಒಂದು ವರ್ಷದ ಮತ್ತು ಆಜೀವ ಪರವಾನಗಿಗಳು ದೊರೆಯುತ್ತವೆ. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯದ ಮಿತಿ ಎರಡು ಲೀಟರ್. ಸವಿಯುವ ಸಂಜೆ ವಾಹನ ಓಡಿಸುವ ಮಾತೇ ಬೇಡ.

ಪೀಪಾಯಿಯ ಹಿನ್ನೆಲೆ

ಶೆರ್ರಿ ಎಂಬುದು ದಕ್ಷಿಣ ಸ್ಪೇನಿನ ಆಂದಲೂಸಿಯಾದ ಹೆರೆಸ್ ಪಟ್ಟಣದ ಸುತ್ತ ತಯಾರಾಗುವ, ಹೆಚ್ಚುವರಿ ಮದ್ಯಸಾರ ಸೇರಿಸಿ ಬಲಪಡಿಸಿದ ವೈನ್. ಅದರಲ್ಲಿ ಹಲವು ಬಗೆಗಳಿದ್ದರೂ ವಿಸ್ಕಿಯ ಮಟ್ಟಿಗೆ ಎರಡನ್ನು ಚೆನ್ನಾಗಿ ತಿಳಿದಿದ್ದರೆ ಬಹುಪಾಲು ಕೆಲಸವಾದಂತೆ. ಮೊದಲನೆಯದು ಪಾಲೊಮಿನೊ ದ್ರಾಕ್ಷಿಯಿಂದ ಮಾಡುವ ಓಲೊರೊಸೊ. ಇದರ ಮದ್ಯಸಾರದ ಪ್ರಮಾಣವನ್ನು ಶೇ. 17ಕ್ಕೆ ಅಥವಾ ಅದಕ್ಕೂ ಮೇಲೆ ಏರಿಸುವುದರಿಂದ ವೈನಿನ ಮೇಲ್ಮೈಯಲ್ಲಿ ಫ್ಲೋರ್ ಎಂಬ ಯೀಸ್ಟಿನ ಪದರ ಬೆಳೆಯುವುದಿಲ್ಲ. ಹೀಗಾಗಿ ಅದು ಗಾಳಿಯ ಸಂಪರ್ಕದಲ್ಲೇ ವರ್ಷಗಟ್ಟಲೆ ಮಾಗುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ, ಅಕ್ರೋಟಿನ ರುಚಿ ಪಡೆಯುತ್ತದೆ. ಘಮದಲ್ಲಿ ಸಿಹಿಯ ಸೂಚನೆಯಿದ್ದರೂ ಶುದ್ಧ ಓಲೊರೊಸೊ ನಾಲಿಗೆಗೆ ಸಿಹಿಯಲ್ಲ ಎಂಬುದು ಹೊಸಬರಿಗೆ ಅಚ್ಚರಿ ತರುವ ಸಂಗತಿ. ಎರಡನೆಯದು ಪೆದ್ರೊ ಹಿಮೆನೆಸ್. ಕೊಯ್ದ ದ್ರಾಕ್ಷಿಯನ್ನು ಬಿಸಿಲಿನಲ್ಲಿ ಹರಡಿ ಒಣಗಿಸಿ, ಆಮೇಲೆ ಹಿಂಡಿ ತೆಗೆದ ರಸದಿಂದ ಮಾಡುವ ಈ ಶೆರ್ರಿಯಲ್ಲಿ ಲೀಟರಿಗೆ 200 ಗ್ರಾಂಗೂ ಮೀರಿ ಸಕ್ಕರೆ ಇರುತ್ತದೆ. ಬಣ್ಣದಲ್ಲೂ ದಪ್ಪದಲ್ಲೂ ಅದು ಜೋನಿ ಬೆಲ್ಲಕ್ಕೆ ತೀರ ಹತ್ತಿರ.

ಹಿಂದೆ ಶೆರ್ರಿಯನ್ನು ಪೀಪಾಯಿಗಳಲ್ಲೇ ತುಂಬಿ ಬ್ರಿಟನ್ನಿಗೆ ಹಡಗಿನಲ್ಲಿ ಕಳುಹಿಸುತ್ತಿದ್ದರು. ಅಲ್ಲಿ ಬಾಟಲಿಗೆ ಇಳಿಸಿದ ಮೇಲೆ ಉಳಿದ ಖಾಲಿ ಪೀಪಾಯಿಗಳು ಅಗ್ಗವಾಗಿ ಸ್ಕಾಟ್ಲೆಂಡಿನ ಡಿಸ್ಟಿಲರಿಗಳ ಪಾಲಾಗುತ್ತಿದ್ದವು. 1980ರ ದಶಕದಲ್ಲಿ ಶೆರ್ರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮ ಬಂದ ಮೇಲೆ ಆ ದಾರಿ ಮುಚ್ಚಿತು. ಇಂದು ವಿಸ್ಕಿಗಾಗಿ ಬಳಸುವ ಶೆರ್ರಿ ಪೀಪಾಯಿಗಳಲ್ಲಿ ಬಹುಪಾಲು ಆ ಉದ್ದೇಶಕ್ಕೆಂದೇ ಹೊಸ ಓಕಿನಿಂದ ಮಾಡಿಸಿದವು. ಒಂದೆರಡು ವರ್ಷ ಅವುಗಳಲ್ಲಿ ಶೆರ್ರಿ ತುಂಬಿಟ್ಟು ಮರವನ್ನು ಹದಗೊಳಿಸಿ, ಆಮೇಲೆ ಖಾಲಿ ಮಾಡಿ ಉತ್ತರಕ್ಕೆ ಸಾಗಿಸುತ್ತಾರೆ. ಹೆರೆಸ್‌ನ ಶೆರ್ರಿ ನಿಯಂತ್ರಣ ಮಂಡಳಿಯು ಇಂತಹ ಪೀಪಾಯಿಗಳಿಗೆ ಪ್ರಮಾಣಪತ್ರ ನೀಡುತ್ತದೆ. ಅದಕ್ಕೆ ಕನಿಷ್ಠ ಒಂದು ವರ್ಷದ ಹದಗೊಳಿಸುವಿಕೆ ಕಡ್ಡಾಯ. ವೈನನ್ನು ತಲೆಮಾರುಗಳ ಕಾಲ ಮಾಗಿಸುವ ಸೊಲೆರಾ ಸಾಲಿನ ಹಳೆಯ ಪೀಪಾಯಿಗಳು ಸಾಮಾನ್ಯವಾಗಿ ಆ ಗೋದಾಮುಗಳನ್ನು ಬಿಟ್ಟು ಹೊರಗೆ ಬರುವುದೇ ಇಲ್ಲ. ಆದ್ದರಿಂದ ನಮ್ಮ ಗ್ಲಾಸಿನಲ್ಲಿರುವ ವಿಸ್ಕಿ ಶತಮಾನದ ಹಳೆಯ ಮರದಲ್ಲಿ ಮಲಗಿತ್ತೆಂದು ಕಲ್ಪಿಸಿಕೊಳ್ಳುವುದು ಸರಿಯಲ್ಲ. ಬಹುತೇಕ ಸಂದರ್ಭಗಳಲ್ಲಿ ನಾವು ಸವಿಯುವುದು ಶೆರ್ರಿ ಹೀರಿಕೊಂಡ ಸಾಕಷ್ಟು ಹೊಸ ಓಕನ್ನು.

ಮರದ ಜಾತಿ ಇಲ್ಲಿ ಬಹಳ ಮುಖ್ಯ, ಮತ್ತು ಹೆಚ್ಚಿನವರು ಕಡೆಗಣಿಸುವುದೂ ಇದನ್ನೇ. ಸ್ಪೇನಿನ ಉತ್ತರ ಭಾಗದ ಯುರೋಪಿಯನ್ ಓಕ್‌ನಲ್ಲಿ ಟ್ಯಾನಿನ್ ಹೆಚ್ಚು. ಅದು ಒಗರು, ಲವಂಗದ ಖಾರ, ಒಣಹಣ್ಣಿನ ಆಳವನ್ನು ಕೊಡುತ್ತದೆ. ಅಮೆರಿಕನ್ ಓಕ್ ವೆನಿಲ್ಲಾ ಮತ್ತು ಕೊಬ್ಬರಿಯ ಮೃದು ಘಮವನ್ನು ಕೊಡುತ್ತದೆ. ಇವೆರಡನ್ನೂ ಶೆರ್ರಿಯಿಂದ ಹದಗೊಳಿಸಬಹುದು, ಎರಡಕ್ಕೂ ಶೆರ್ರಿ ಪೀಪಾಯಿ ಎಂದೇ ಹೆಸರು. ಸ್ಕಾಟ್ಲೆಂಡಿನ ಮಕ್ಯಾಲನ್ ಡಿಸ್ಟಿಲರಿಯ ಶೆರ್ರಿ ಓಕ್ ಮತ್ತು ಡಬಲ್ ಕಾಸ್ಕ್ ಎಂಬ ಎರಡು 12 ವರ್ಷದ ವಿಸ್ಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಪುಸ್ತಕವಿಲ್ಲದೆ ಅರ್ಥವಾಗುತ್ತದೆ, ಏಕೆಂದರೆ ಎರಡನೆಯದರಲ್ಲಿ ಶೆರ್ರಿಯಿಂದ ಹದಗೊಂಡ ಅಮೆರಿಕನ್ ಓಕ್‌ನ ಪಾಲು ದೊಡ್ಡದು.

ಲೇಬಲ್ಲನ್ನು ಓದುವುದು

ಸೀಮಿತ ಬಿಡುಗಡೆ ಎಂಬ ಮಾತಿಗೆ 2009ರ ಸ್ಕಾಚ್ ವಿಸ್ಕಿ ನಿಯಮಾವಳಿಯಲ್ಲಿ ಯಾವ ವ್ಯಾಖ್ಯೆಯೂ ಇಲ್ಲ. ಸ್ಕಾಚ್ ಎನಿಸಿಕೊಳ್ಳಲು ವಿಸ್ಕಿ ಸ್ಕಾಟ್ಲೆಂಡಿನಲ್ಲೇ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿರಬೇಕು. ಬಾಟಲಿಯಲ್ಲಿ ಮದ್ಯಸಾರ ಶೇ. 40ಕ್ಕಿಂತ ಕಡಿಮೆ ಇರಬಾರದು. ನೀರು ಮತ್ತು ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸಬಾರದು. ವಯಸ್ಸನ್ನು ನಮೂದಿಸಿದರೆ ಅದು ಬಾಟಲಿಯಲ್ಲಿರುವ ಅತಿ ಕಿರಿಯ ವಿಸ್ಕಿಯ ವಯಸ್ಸಾಗಿರಬೇಕು. ನಿಯಮ ಇಷ್ಟನ್ನು ಹೇಳುತ್ತದೆ. ಎಷ್ಟು ಬಾಟಲಿಗಳಿದ್ದರೆ ಸೀಮಿತ ಎನ್ನಬಹುದು ಎಂಬುದು ಮಾರುವವರ ವಿವೇಚನೆಗೆ ಬಿಟ್ಟ ವಿಷಯ.

ಆದರೂ ಲೆಕ್ಕ ಹಾಕಿ ನೋಡಲು ಒಂದು ದಾರಿಯಿದೆ. ಶೆರ್ರಿ ಬಟ್ ಎಂದು ಕರೆಯುವ ದೊಡ್ಡ ಪೀಪಾಯಿ ಸುಮಾರು 500 ಲೀಟರ್ ಹಿಡಿಯುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆಂದು ಇಟ್ಟುಕೊಂಡರೆ 15 ವರ್ಷಗಳ ನಂತರ 370 ಲೀಟರಿನ ಆಸುಪಾಸು ಉಳಿಯುತ್ತದೆ, ಅಂದರೆ ನೀರು ಬೆರೆಸದಿದ್ದಲ್ಲಿ 700 ಮಿ.ಲೀ. ಅಳತೆಯ ಐನೂರು ಚಿಲ್ಲರೆ ಬಾಟಲಿಗಳು. ಲೇಬಲ್ಲಿನ ಮೇಲೆ ಪೀಪಾಯಿಯ ಸಂಖ್ಯೆ, ಬಟ್ಟಿ ಇಳಿಸಿದ ಮತ್ತು ಬಾಟಲಿ ತುಂಬಿದ ದಿನಾಂಕ, ಒಟ್ಟು ಬಾಟಲಿಗಳ ಎಣಿಕೆ ಇವೆಲ್ಲ ಇದ್ದು, ಎಣಿಕೆ ಆ ಐನೂರರ ಹತ್ತಿರ ಇದ್ದರೆ ಅದು ಒಂಟಿ ಪೀಪಾಯಿಯ ವಿಸ್ಕಿ. ಇಂತಹದು ಮುಗಿದರೆ ಮತ್ತೆ ಹುಟ್ಟುವುದಿಲ್ಲ. ಅಬರ್‌ಲೌರ್‌ನ ಅಬುನಾ ಅಥವಾ ಗ್ಲೆನ್‌ಡ್ರೊನಾಕ್‌ನ ಕಾಸ್ಕ್ ಸ್ಟ್ರೆಂತ್‌ನಂತಹವು, ಅಂದರೆ ನೀರು ಬೆರೆಸದೆ ಪೀಪಾಯಿಯ ಬಲದಲ್ಲೇ ಬಾಟಲಿಗೆ ತುಂಬಿದವು, ಬ್ಯಾಚ್ ಸಂಖ್ಯೆ ಹೊತ್ತು ಬರುತ್ತವೆ. ಹಲವು ಪೀಪಾಯಿಗಳನ್ನು ಕೂಡಿಸಿ ಮಾಡಿದವಾದ್ದರಿಂದ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಸ್ವಭಾವದಲ್ಲಿ ಅಂತರವಿರುತ್ತದೆಯೇ ಹೊರತು ಮನೆತನ ಬದಲಾಗುವುದಿಲ್ಲ. ನನಗೆ ಈ ಬ್ಯಾಚ್ ವಿಸ್ಕಿಗಳ ಮೇಲೆ ಗೌರವ ಹೆಚ್ಚು. ಚಿನ್ನದ ಅಕ್ಷರದ ಪೆಟ್ಟಿಗೆಗೆ ಕೊಡುವ ಹಣವನ್ನು ಅವು ದ್ರವಕ್ಕೇ ಕೇಳುತ್ತವೆ.

ಇನ್ನೆರಡು ಸಂಗತಿಗಳನ್ನು ಹುಡುಕಿ ಓದಿ. ಪೂರ್ಣ ಅವಧಿ ಶೆರ್ರಿ ಪೀಪಾಯಿಯಲ್ಲೇ ಮಾಗಿದೆಯೇ, ಅಥವಾ ಬೇರೆ ಪೀಪಾಯಿಯಲ್ಲಿ ಮಾಗಿ ಕೊನೆಯ ಕೆಲವು ತಿಂಗಳು ಅಥವಾ ವರ್ಷ ಮಾತ್ರ ಶೆರ್ರಿ ಪೀಪಾಯಿಯಲ್ಲಿ ಕಳೆದು ಫಿನಿಶ್ ಆಗಿದೆಯೇ ಎಂಬುದು ಒಂದು. ಪೀಪಾಯಿಗೆ ವಿಸ್ಕಿ ತುಂಬಿದ್ದು ಅದೇ ಮೊದಲ ಸಲವೇ, ಹಿಂದೆಯೂ ತುಂಬಿದ್ದರೇ ಎಂಬುದು ಇನ್ನೊಂದು. ಮೊದಲ ತುಂಬುವಿಕೆಯಲ್ಲಿ ಶೆರ್ರಿಯ ಹಿಡಿತ ಬಲವಾಗಿರುತ್ತದೆ. ಮರುತುಂಬಿದ ಪೀಪಾಯಿಯಲ್ಲಿ ಸ್ಪಿರಿಟ್‌ಗೆ ಹೆಚ್ಚು ಅವಕಾಶ ಸಿಗುತ್ತದೆ.

ಮೂಗಿನ ಸಿದ್ಧತೆಗೆ ಮಾಟುಂಗಾ ಮಾರುಕಟ್ಟೆ

ಶೆರ್ರಿ ವಿಸ್ಕಿಯ ಬಗೆಗಿನ ಇಂಗ್ಲಿಷ್ ವಿವರಣೆಗಳಲ್ಲಿ ಬರುವ ಹಣ್ಣುಗಳನ್ನೂ ಸಿಹಿತಿಂಡಿಗಳನ್ನೂ ನಮ್ಮಲ್ಲಿ ಅನೇಕರು ಕಂಡೇ ಇಲ್ಲ. ಕಾಣದ ವಸ್ತುವಿನ ವಾಸನೆಯನ್ನು ಗ್ಲಾಸಿನಲ್ಲಿ ಹುಡುಕುತ್ತ ಕೂತರೆ ಮೂಗು ದಣಿಯುತ್ತದೆ, ಆತ್ಮವಿಶ್ವಾಸವೂ ಕುಗ್ಗುತ್ತದೆ. ಅದರ ಅಗತ್ಯವೂ ಇಲ್ಲ. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್‌ಗೆ ನಾಟಕಕ್ಕೋ ಉಪನ್ಯಾಸಕ್ಕೋ ಹೋಗುವ ಕನ್ನಡಿಗರು ಹಾಗೆಯೇ ಮಾಟುಂಗಾ ಮಾರುಕಟ್ಟೆಯತ್ತ ನಡೆದು ಒಂದು ಸಣ್ಣ ಚೀಲದಷ್ಟು ಸಾಮಾನು ತಂದರೆ ಸಾಕು. ಕಪ್ಪು ಒಣದ್ರಾಕ್ಷಿ, ಅಂಜೂರ, ಮೃದುವಾದ ಖರ್ಜೂರ, ಅಕ್ರೋಟು, ಲವಂಗ, ದಾಲ್ಚಿನ್ನಿ, ಜಾಯಿಕಾಯಿ, ಮೆಂತ್ಯ, ಒಣಕೊಬ್ಬರಿ, ಒಂದು ಕಿತ್ತಳೆ, ಸ್ವಲ್ಪ ಜೋನಿ ಬೆಲ್ಲ, ಸಿಹಿಯಿಲ್ಲದ ಕೋಕೋ ಪುಡಿ, ಒಂದು ಚೂರು ಕೆಂಪಡಿಕೆ, ಚಿಟಿಕೆ ಕಾಲಾನಮಕ್ ಇಷ್ಟನ್ನು ಚಿಕ್ಕ ಬಟ್ಟಲುಗಳಲ್ಲಿ ಹಾಕಿ, ಸವಿಯುವ ಹಿಂದಿನ ದಿನ ಒಂದೊಂದನ್ನೂ ಕಣ್ಣು ಮುಚ್ಚಿ ಮೂಸಿ ಗುರುತಿಸುವ ಅಭ್ಯಾಸ ಮಾಡಿ.

ಇದನ್ನು ಬರಿಯ ಹೋಲಿಕೆಯ ಆಟ ಎಂದುಕೊಳ್ಳಬಾರದು. ಲವಂಗಕ್ಕೆ ಅದರ ಘಮ ಕೊಡುವ ಯುಜೆನಾಲ್ ಎಂಬ ರಾಸಾಯನಿಕವೇ ಓಕ್ ಮರದಲ್ಲಿಯೂ ಇದೆ. ವಿಸ್ಕಿಯಲ್ಲಿ ಲವಂಗ ಕಂಡಿತು ಎನ್ನುವವರ ಮೂಗು ತಟ್ಟಿದ್ದು ಅದೇ ವಸ್ತುವಿಗೆ. ಕೊಬ್ಬರಿಯ ನೆನಪು ತರುವುದು ಓಕ್‌ನ ಲ್ಯಾಕ್ಟೋನ್. ಅದು ಅಮೆರಿಕನ್ ಓಕ್‌ನಲ್ಲಿ ಹೆಚ್ಚು. ಎಲ್ಲಕ್ಕಿಂತ ಸ್ವಾರಸ್ಯದ್ದು ಮೆಂತ್ಯ. ಮೆಂತ್ಯದ ಕಾಳಿನ ವಿಶಿಷ್ಟ ವಾಸನೆಗೆ ಕಾರಣವಾದ ಸೊಟೊಲೋನ್ ಎಂಬ ಸಂಯುಕ್ತ ಹಳೆಯ ಶೆರ್ರಿಯಲ್ಲೂ ಇರುತ್ತದೆ. ಸಾಂಬಾರಿನ ಪುಡಿಗೆ ಮೆಂತ್ಯ ಹುರಿಯುವ ಮನೆಯಲ್ಲಿ ಬೆಳೆದ ಮೂಗು ಈ ಎಳೆಯನ್ನು ಬೇಗ ಹಿಡಿಯುತ್ತದೆ. ಗಾಢವಾದ ಶೆರ್ರಿ ವಿಸ್ಕಿಯೊಂದರಲ್ಲಿ ಹುರಿದ ಮೆಂತ್ಯ, ಸುಟ್ಟ ಸಕ್ಕರೆ, ಅಕ್ರೋಟು ಮೂರೂ ಒಟ್ಟಿಗೆ ಬಂದರೆ ಅಲ್ಲಿ ಶೆರ್ರಿ ಮಾತನಾಡುತ್ತಿದೆ ಎಂದು ನಾನು ಗುರುತು ಹಾಕಿಕೊಳ್ಳುತ್ತೇನೆ. ಅಡಿಕೆ ಇರುವುದು ಬಾಯಿಯ ಪಾಠಕ್ಕೆ. ಅದರ ಚೂರೊಂದನ್ನು ಅಗಿದಾಗ ಒಸಡು ಮತ್ತು ಕೆನ್ನೆಯ ಒಳಭಾಗ ಬಿಗಿಯುವುದು ಟ್ಯಾನಿನ್ ಲಾಲಾರಸದ ಪ್ರೋಟೀನನ್ನು ಹಿಡಿಯುವುದರಿಂದ. ಯುರೋಪಿಯನ್ ಓಕ್‌ನ ಒಗರೂ ಅದೇ ಬಗೆಯದು, ಪ್ರಮಾಣ ಮಾತ್ರ ಕಡಿಮೆ. ಕಾಲಾನಮಕ್ ಗಂಧಕದ ಪಾಠಕ್ಕೆ. ಅದರ ಅಗತ್ಯ ಮುಂದೆ ತಿಳಿಯುತ್ತದೆ.

ಡಿಸೆಂಬರಿನಲ್ಲಿ ಬಾಂದ್ರಾದ ಬೇಕರಿಗಳಲ್ಲಿ ಪ್ಲಮ್ ಕೇಕು ಸಿಗುವ ಕಾಲವಾದರೆ ಒಂದು ತುಂಡನ್ನು ಅವಶ್ಯವಾಗಿ ತನ್ನಿ. ಶೆರ್ರಿ ವಿಸ್ಕಿಯ ಅನೇಕ ಘಮಗಳು ಅದರಲ್ಲಿ ಒಟ್ಟಾಗಿ ಸಿಗುತ್ತವೆ.

ಕೋಣೆ, ನೀರು, ಗ್ಲಾಸು

ಮುಂಬಯಿಯ ಏಪ್ರಿಲ್ ಸಂಜೆಯಲ್ಲಿ 32 ಡಿಗ್ರಿಯ ಕೋಣೆಯಲ್ಲಿ ಗ್ಲಾಸಿಗೆ ಸುರಿದ ವಿಸ್ಕಿಯಿಂದ ಮದ್ಯಸಾರ ರಭಸದಿಂದ ಮೇಲೇಳುತ್ತದೆ, ಮತ್ತು ಶೇ. 60ರ ಹತ್ತಿರದ ಕಾಸ್ಕ್ ಸ್ಟ್ರೆಂತ್ ಆಗಿದ್ದರೆ ಮೊದಲ ಮೂಸುವಿಕೆಗೇ ಮೂಗು ಉರಿದು ಮರಗಟ್ಟುತ್ತದೆ. ಸವಿಯುವ ಒಂದು ಗಂಟೆ ಮೊದಲೇ ಏರ್ ಕಂಡೀಷನರ್ ಹಾಕಿ ಕೋಣೆಯನ್ನು 22ರಿಂದ 24 ಡಿಗ್ರಿಗೆ ತನ್ನಿ, ಬಾಟಲಿಯನ್ನೂ ಅದೇ ಕೋಣೆಯಲ್ಲಿಡಿ. ಫ್ರಿಜ್ಜಿನಲ್ಲಿಡುವುದು, ಐಸ್ ಹಾಕುವುದು ಎರಡೂ ಬೇಡ. ಚಳಿಯಲ್ಲಿ ಘಮ ಮುದುಡುತ್ತದೆ, ಒಗರು ಎದ್ದು ಕಾಣುತ್ತದೆ. ಏರ್ ಕಂಡೀಷನರ್ ಇಲ್ಲದವರಿಗೆ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳು ಒಳ್ಳೆಯವು.

ಬಾಗಿಲು ಮುಚ್ಚಿದ ಸಣ್ಣ ಫ್ಲ್ಯಾಟಿನಲ್ಲಿ ವಾಸನೆಗಳು ಬೇಗ ಹೋಗುವುದಿಲ್ಲ. ಅಂದು ಸಂಜೆ ಊದುಬತ್ತಿ, ಮಲ್ಲಿಗೆ ಮಾಲೆ, ಅತ್ತರು, ಇಂಗಿನ ಒಗ್ಗರಣೆ ಯಾವುದೂ ಹತ್ತಿರ ಇರಬಾರದು. ಖಾರದ ಊಟ ಮಾಡಿ ಎರಡು ಗಂಟೆಯಾದರೂ ಕಳೆದಿರಲಿ. ಆದರೆ ಹಸಿದ ಹೊಟ್ಟೆಯಲ್ಲಂತೂ ಕೂರಬೇಡಿ. ಫಿಲ್ಟರ್ ಕಾಫಿ, ಎಲೆಯಡಿಕೆ, ಏಲಕ್ಕಿ ಇವು ಗಂಟೆಗಟ್ಟಲೆ ಬಾಯಲ್ಲಿ ಉಳಿಯುವುದರಿಂದ ಅವನ್ನು ಸವಿಯುವಿಕೆ ಮುಗಿದ ಮೇಲಕ್ಕೆ ಇಟ್ಟುಕೊಳ್ಳುವುದು ಲೇಸು. ಗುಟುಕುಗಳ ನಡುವೆ ಬಾಯಿ ಶುದ್ಧವಾಗಲು ಒಗ್ಗರಣೆ ಹಾಕದ, ಉಪ್ಪಿಲ್ಲದ ಮಂಡಕ್ಕಿಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಫಿಲ್ಟರ್ ಮಾಡಿದ, ಕಡಿಮೆ ಖನಿಜದ ನೀರನ್ನು ಕೋಣೆಯ ಉಷ್ಣತೆಗೆ ತಂದಿಡಿ. ನೀರು ಬೆರೆಸಲು ಔಷಧದಂಗಡಿಯಲ್ಲಿ ಸಿಗುವ, ಸೂಜಿಯಿಲ್ಲದ 5 ಮಿ.ಲೀ. ಸಿರಿಂಜು ಅತ್ಯುತ್ತಮ ಸಾಧನ. ಗ್ಲಾಸು ಕೆಳಗೆ ಉಬ್ಬಿ ಮೇಲೆ ಕಿರಿದಾಗಿರಬೇಕು: 2001ರಲ್ಲಿ ಬಂದ ಗ್ಲೆನ್‌ಕೇರ್ನ್ ಗ್ಲಾಸು ಈಗ ಎಲ್ಲೆಡೆ ಸಿಗುತ್ತದೆ, ಶೆರ್ರಿ ಕುಡಿಯಲೆಂದೇ ಮಾಡಿದ ಕೊಪಿಟಾ ಎಂಬ ಪುಟ್ಟ ಕಾಂಡದ ಗ್ಲಾಸು ಸಿಕ್ಕರೆ ಇನ್ನೂ ಚೆನ್ನ. ವಿಸ್ಕಿ ಮಿಶ್ರಣಕಾರರೂ ಅದನ್ನೇ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಅಗಲ ಬಾಯಿಯ ಟಂಬ್ಲರ್ ಈ ಕೆಲಸಕ್ಕೆ ಬಾರದು.

ಸವಿಯುವುದು

ಒಬ್ಬರಿಗೆ 20 ಮಿ.ಲೀ. ಸಾಕು. ಸುರಿದ ಕೂಡಲೇ ಗ್ಲಾಸಿನ ಮೇಲೆ ಚಿಕ್ಕ ತಟ್ಟೆಯೊಂದನ್ನು ಮುಚ್ಚಿ ಹತ್ತು ನಿಮಿಷ ಬಿಡಿ, ಆ ಹೊತ್ತಿನಲ್ಲಿ ಬಣ್ಣವನ್ನು ನೋಡಿ. ಬಣ್ಣಕ್ಕೆ ಹೆಚ್ಚು ಬೆಲೆ ಕೊಡಬೇಡಿ. ನಿಯಮಾವಳಿ ಕ್ಯಾರಮೆಲ್ ಸೇರಿಸಲು ಅನುಮತಿ ಕೊಡುವುದರಿಂದ ಕಡು ಕೆಂಪು ಕಂದು ಎಂದರೆ ಹಳೆಯದು, ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಲಾಗದು. ಮಕ್ಯಾಲನ್, ಗ್ಲೆನ್‌ಫಾರ್ಕ್ಲಾಸ್, ಗ್ಲೆನ್‌ಡ್ರೊನಾಕ್‌ನಂತಹವು ಸಹಜ ಬಣ್ಣದಲ್ಲೇ ಬರುತ್ತವೆ. ಅಂತಹವುಗಳಲ್ಲಿ ಮಾತ್ರ ಬಣ್ಣ ಪೀಪಾಯಿಯ ಬಗ್ಗೆ ಏನನ್ನಾದರೂ ಹೇಳೀತು. ಆಗಲೂ ಅದು ಹೇಳುವುದು ಮರದ ಬಲವನ್ನು, ವಯಸ್ಸನ್ನಲ್ಲ.

ತಟ್ಟೆ ತೆಗೆದ ಕೂಡಲೇ ಮೂಗನ್ನು ಗ್ಲಾಸಿನೊಳಗೆ ಇಳಿಸಬೇಡಿ. ಗ್ಲಾಸನ್ನು ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿ ತುಸು ತೆರೆದು, ಏರಿ ಬರುವುದನ್ನು ಮಾತ್ರ ಗ್ರಹಿಸಿ. ಶೆರ್ರಿ ಪೀಪಾಯಿಯ ವಿಸ್ಕಿಯಲ್ಲಿ ಮೊದಲು ಬರುವುದು ಬಹುತೇಕ ಒಣಹಣ್ಣು. ಅದನ್ನು ಒಪ್ಪಿಕೊಂಡು ಮುಂದೆ ಹೋಗಿ, ಅಲ್ಲಿಯೇ ನಿಲ್ಲಬೇಡಿ. ಇನ್ನೊಂದಿಷ್ಟು ಹತ್ತಿರ ತಂದು ಒಂದೊಂದು ಹೊಳ್ಳೆಯಿಂದ ಬೇರೆ ಬೇರೆಯಾಗಿ ಮೂಸಿ, ಮರವನ್ನು ಹುಡುಕಿ: ಲವಂಗ, ಜಾಯಿಕಾಯಿ, ವೆನಿಲ್ಲಾ, ಕೊಬ್ಬರಿ, ಗರಗಸದ ಪುಡಿ. ಮೂರನೆಯ ಸಲ ಸ್ಪಿರಿಟ್‌ಗಾಗಿ ಹೋಗಿ. ಇದು ಕಷ್ಟದ ಭಾಗ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಘಮ ಹುರಿಟ್ಟಿಗೆ, ರಾಗಿ ಮಾಲ್ಟಿಗೆ ಹತ್ತಿರ. ಕೆಲವು ಡಿಸ್ಟಿಲರಿಗಳ ಸ್ಪಿರಿಟ್‌ನಲ್ಲಿ ಸೇಬು, ಪೇರಲೆ, ಪಕ್ವ ಬಾಳೆಹಣ್ಣಿನ ತಾಜಾ ಹಣ್ಣಿನ ಗುಣವಿರುತ್ತದೆ. ಮತ್ತೆ ಕೆಲವಲ್ಲಿ ಮಾಂಸದ ಸಾರಿನಂತಹ ತೂಕ ಇರುತ್ತದೆ. ಒಣಹಣ್ಣಿನ ಕೆಳಗೆ ತಾಜಾ ಹಣ್ಣೊಂದು ಅಥವಾ ಹುರಿದ ಧಾನ್ಯದ ಎಳೆಯೊಂದು ಸಿಕ್ಕರೆ ಸ್ಪಿರಿಟ್ ಜೀವಂತವಾಗಿದೆ. ಎಷ್ಟು ಹುಡುಕಿದರೂ ಬೆಲ್ಲ, ದ್ರಾಕ್ಷಿ, ಮರ ಇಷ್ಟೇ ಇದ್ದರೆ ಆ ಬಾಟಲಿಯಲ್ಲಿ ಡಿಸ್ಟಿಲರಿಯ ಹೆಸರು ಲೇಬಲ್ಲಿನ ಮೇಲೆ ಮಾತ್ರ ಉಳಿದಿದೆ ಎಂದು ನಾನು ಬರೆದುಕೊಳ್ಳುತ್ತೇನೆ, ಅದರ ಬೆಲೆ ಎಷ್ಟೇ ಇರಲಿ.

ಈ ಹಂತದಲ್ಲಿ ಕೆಲವೊಮ್ಮೆ ಉಜ್ಜಿದ ಬೆಂಕಿಕಡ್ಡಿ, ರಬ್ಬರು ಅಥವಾ ಕಾಲಾನಮಕ್‌ನ ವಾಸನೆ ಎದುರಾಗುತ್ತದೆ. ಇದು ಗಂಧಕ. ಖಾಲಿ ಪೀಪಾಯಿ ಕೆಡದಂತೆ ಅದರೊಳಗೆ ಗಂಧಕದ ಬತ್ತಿ ಉರಿಸುವ ರೂಢಿಯಿಂದ ಅದು ಬಂದಿರಬಹುದು, ಬಟ್ಟಿ ಇಳಿಸುವಾಗಲೇ ಸ್ಪಿರಿಟ್‌ನಲ್ಲಿ ಉಳಿದುಕೊಂಡಿದ್ದೂ ಇರಬಹುದು. ಎಲ್ಲರ ಮೂಗೂ ಇದಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಗ್ಲಾಸನ್ನು ತೆರೆದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಲಘುವಾದುದು ಹಾರಿಹೋಗುತ್ತದೆ, ಉಳಿದ ಅಲ್ಪ ಅಂಶ ವಿಸ್ಕಿಗೆ ಆಳವನ್ನೂ ಕೊಡಬಹುದು. ಹೋಗದೆ ಮುಂದೆ ನಿಂತರೆ ಅದು ದೋಷವೇ, ಮತ್ತು ಹಾಗೆಂದು ಹೇಳಲು ಸಂಕೋಚ ಪಡಬೇಕಾಗಿಲ್ಲ.

ಮೊದಲ ಗುಟುಕು ತೀರ ಸಣ್ಣದಿರಲಿ. ಅದು ಬಾಯಿಯನ್ನು ಮದ್ಯಸಾರಕ್ಕೆ ಒಗ್ಗಿಸಲು ಮಾತ್ರ, ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಎರಡನೆಯದನ್ನು ನಾಲಿಗೆಯ ಮೇಲೆ ಹತ್ತು ಹದಿನೈದು ಸೆಕೆಂಡು ಇಟ್ಟುಕೊಂಡು ನಿಧಾನವಾಗಿ ಹೊರಳಿಸಿ, ಸಿಹಿ ಎಲ್ಲಿ ಶುರುವಾಯಿತು, ಒಗರು ಯಾವಾಗ ಬಂತು, ಎರಡರ ನಡುವೆ ಏನಿತ್ತು ಎಂಬುದನ್ನು ಗಮನಿಸಿ. ಆ ನಡುಭಾಗದಲ್ಲಿಯೇ ಸ್ಪಿರಿಟ್‌ನ ಗುಣ ಹೆಚ್ಚಾಗಿ ಗೋಚರಿಸುತ್ತದೆ. ಗ್ಲೆನ್‌ಫಾರ್ಕ್ಲಾಸ್ ತನ್ನ ಬಟ್ಟಿಗಳನ್ನು ಇಂದಿಗೂ ನೇರ ಉರಿಯಿಂದ ಕಾಯಿಸುತ್ತದೆ, ಮಕ್ಯಾಲನ್‌ನ ಬಟ್ಟಿಗಳು ಗಾತ್ರದಲ್ಲಿ ಚಿಕ್ಕವು. ಇಂತಹ ಕ್ರಮಗಳಿಂದ ಬರುವ ತೂಕದ ಸ್ಪಿರಿಟ್ ಮೊದಲ ತುಂಬುವಿಕೆಯ ಶೆರ್ರಿಯ ಭಾರವನ್ನು ಹೊರಬಲ್ಲದು. ಹಗುರ ಸ್ಪಿರಿಟ್ ಅದೇ ಪೀಪಾಯಿಯಲ್ಲಿ ಹದಿನೈದು ವರ್ಷ ಕಳೆದರೆ ನಡುಭಾಗ ಟೊಳ್ಳಾಗಿ, ಸಿಹಿಯಿಂದ ನೇರವಾಗಿ ಒಗರಿಗೆ ಜಾರುತ್ತದೆ.

ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಮರುಘಮ ಎಷ್ಟು ಹೊತ್ತು ಉಳಿಯಿತು ಎನ್ನುವುದಕ್ಕಿಂತ ಏನಾಗಿ ಉಳಿಯಿತು ಎಂಬುದನ್ನು ನೋಡಿ. ಕಿತ್ತಳೆ ಸಿಪ್ಪೆ, ಕೋಕೋ, ಅಕ್ರೋಟು ಇವುಗಳಾಗಿ ಉಳಿದರೆ ಒಳ್ಳೆಯ ಪೀಪಾಯಿ. ಅಡಿಕೆಯ ಬಿಗಿತವಾಗಿ ಮಾತ್ರ ಉಳಿದರೆ ಮರದಲ್ಲಿ ಅಗತ್ಯಕ್ಕಿಂತ ಹೆಚ್ಚು ಕಾಲ ಕಳೆದಿದೆ. ಹಲವು ಮಾದರಿಗಳಿದ್ದ ದಿನ ಸವಿದು ಉಗುಳುವುದೇ ವಿವೇಕದ ಮಾರ್ಗ. ಇದನ್ನು ವೃತ್ತಿಯಾಗಿ ಮಾಡುವವರೂ ಹಾಗೆಯೇ ಮಾಡುತ್ತಾರೆ.

ಇನ್ನು ನೀರು. ಕಾಸ್ಕ್ ಸ್ಟ್ರೆಂತ್ ವಿಸ್ಕಿಗೆ ನೀರು ಸೇರಿಸುವುದು ಅಪಚಾರವೆಂದು ಬಗೆಯುವವರಿದ್ದಾರೆ. ನಾನು ಅದನ್ನು ಖಂಡಿತವಾಗಿ ಒಪ್ಪುವುದಿಲ್ಲ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಗಣಕ ಅಧ್ಯಯನವು ಗ್ವಾಯಕಾಲ್ ಎಂಬ ಘಮದ ಅಣುವನ್ನು ಪರಿಶೀಲಿಸಿತು. ಮದ್ಯಸಾರ ಶೇ. 45ರವರೆಗೆ ಇರುವಾಗ ಅದು ದ್ರವದ ಮೇಲ್ಮೈಯ ಹತ್ತಿರ ಸೇರುತ್ತದೆ, ಶೇ. 59ಕ್ಕೆ ಮೀರಿದಾಗ ದ್ರವದೊಳಗೆ ಮುಳುಗುತ್ತದೆ ಎಂದು ಅದು ತೋರಿಸಿತು. ಅಂದರೆ ನೀರು ಘಮವನ್ನು ಮೂಗಿನತ್ತ ತರಬಲ್ಲದು. ಲೆಕ್ಕ ಸರಳ. ಶೇ. 60ರ 20 ಮಿ.ಲೀ. ವಿಸ್ಕಿಗೆ 4 ಮಿ.ಲೀ. ನೀರು ಸೇರಿದರೆ ಶೇ. 50 ಆಗುತ್ತದೆ, ಇನ್ನೂ ಸುಮಾರು ಎರಡೂವರೆ ಮಿ.ಲೀ. ಸೇರಿದರೆ ಶೇ. 45ರ ಹತ್ತಿರ ಬರುತ್ತದೆ. ಒಂದೇ ಸಲ ಸುರಿಯದೆ ಒಂದೊಂದು ಮಿ.ಲೀ. ಸೇರಿಸಿ, ಪ್ರತಿ ಸಲ ಎರಡು ನಿಮಿಷ ಕಾದು ಮೂಸಿ. ಚಿಲ್ ಫಿಲ್ಟರ್ ಮಾಡದ, ಅಂದರೆ ತಣ್ಣಗಾಗಿಸಿ ಸೋಸದ ವಿಸ್ಕಿ ನೀರಿಗೆ ತುಸು ಮಂಜಾದರೆ ಗಾಬರಿಯಾಗಬೇಡಿ. ಅದು ಕರಗದೆ ಉಳಿದ ಎಣ್ಣೆಯಂಶ, ಬಾಯಿಗೆ ಮೈ ತುಂಬಿದ ಅನುಭವ ಕೊಡುವುದು ಅದೇ. ಶೆರ್ರಿಯ ಮುಸುಕು ಸರಿದು ಬಾರ್ಲಿ ಕಾಣಿಸುವುದು ನನ್ನ ಅನುಭವದಲ್ಲಿ ಬಹುಪಾಲು ಶೇ. 50ರ ಆಸುಪಾಸಿನಲ್ಲಿ. ಆದರೆ ನೀರು ಹೆಚ್ಚಾದರೆ ಯುರೋಪಿಯನ್ ಓಕ್‌ನ ಒಗರು ಒಂದೇ ಸಮನೆ ಎದ್ದು ಬರುತ್ತದೆ, ಮತ್ತೆ ಹಿಂದಿರುಗಲಾಗದು. ಹಾಗಾಗಿ ಸಿರಿಂಜು.

ಜೊತೆಯಲ್ಲಿ ಇಟ್ಟು ನೋಡಬೇಕಾದವು

ಒಂದೇ ವಿಸ್ಕಿಯನ್ನು ಒಂಟಿಯಾಗಿ ಸವಿದು ಅದರ ಪೀಪಾಯಿಯನ್ನು ಅರಿಯುವುದು ಅನುಭವಿಗಳಿಗೂ ಕಷ್ಟ. ಸೀಮಿತ ಬಾಟಲಿಯನ್ನು ತೆರೆಯುವ ಮೊದಲು ಸಾಮಾನ್ಯವಾಗಿ ಸಿಗುವ ಜೋಡಿಯೊಂದರ ಮೇಲೆ ಅಭ್ಯಾಸ ಮಾಡಿ. ಗ್ಲೆನ್‌ಮೊರಾಂಜಿಯ ಮೂಲ ವಿಸ್ಕಿ ಬರ್ಬನ್ ಎಂಬ ಅಮೆರಿಕದ ವಿಸ್ಕಿಯಿದ್ದ ಪೀಪಾಯಿಯಲ್ಲಿ ಮಾಗಿದ್ದು, ಅದರದೇ ಲಸಾಂತಾ ಶೆರ್ರಿ ಪೀಪಾಯಿಯಲ್ಲಿ ಫಿನಿಶ್ ಆದದ್ದು. ಒಂದೇ ಮನೆಯ ಈ ಎರಡನ್ನು ಅಕ್ಕಪಕ್ಕ ಇಟ್ಟು ಎರಡರಲ್ಲೂ ಸಮಾನವಾಗಿರುವುದೇನೆಂದು ಹುಡುಕಿದರೆ ಆ ಸಮಾನ ಅಂಶವೇ ಸ್ಪಿರಿಟ್. ಯಾರಾದರೂ ಪ್ರಯಾಣದಿಂದ ಬರುವಾಗ ಒಂದು ಬಾಟಲಿ ಶುದ್ಧ ಓಲೊರೊಸೊ ತರುವುದಾದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ವಿಸ್ಕಿಯ ಪಕ್ಕದಲ್ಲಿ ಒಂದು ಗುಟುಕು ಓಲೊರೊಸೊ ಇಟ್ಟು ಮೂಸಿದಾಗ ಯಾವ ಘಮ ವೈನಿನದು, ಯಾವುದು ಮರದ್ದು ಎಂಬ ಗೊಂದಲ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ಗೋವಾಕ್ಕೆ ಹೋಗಿಬರುವವರು ಕುಂಕಳ್ಳಿಯ ಪಾಲ್ ಜಾನ್ ಡಿಸ್ಟಿಲರಿಯ ಶೆರ್ರಿ ಪೀಪಾಯಿಯ ವಿಸ್ಕಿಯನ್ನೂ ಹೋಲಿಕೆಗೆ ಇಟ್ಟುಕೊಳ್ಳಬಹುದು. ಅದು ಸ್ಕಾಚ್ ಅಲ್ಲ. ಕೊಂಕಣದ ಸೆಖೆಯಲ್ಲಿ ಆವಿಯಾಗುವ ಪ್ರಮಾಣ ಸ್ಕಾಟ್ಲೆಂಡಿಗಿಂತ ಹಲವು ಪಟ್ಟು ಹೆಚ್ಚು, ಮರ ತನ್ನ ಗುಣವನ್ನು ಬಿಟ್ಟುಕೊಡುವ ವೇಗವೂ ಹಾಗೆಯೇ. ನಿಧಾನವಾಗಿ ಮಾಗಿದ ಶೆರ್ರಿ ಸ್ಕಾಚ್‌ನಲ್ಲಿ ಮರ ಎಷ್ಟು ಸಾವಕಾಶವಾಗಿ ಒಳಸೇರಿದೆ ಎಂಬುದು ಈ ಹೋಲಿಕೆಯಲ್ಲಿ ಸ್ಪಷ್ಟವಾಗುತ್ತದೆ.

ಹಲವನ್ನು ಸವಿಯುವಾಗ ಬರ್ಬನ್ ಪೀಪಾಯಿಯದನ್ನು ಮೊದಲು, ಮರುತುಂಬಿದ ಶೆರ್ರಿಯದನ್ನು ಆಮೇಲೆ, ಮೊದಲ ತುಂಬುವಿಕೆಯ ಓಲೊರೊಸೊವನ್ನು ಮೂರನೆಯದಾಗಿ, ಪೆದ್ರೊ ಹಿಮೆನೆಸ್ಸನ್ನು ಅದರ ನಂತರ ಇಡಿ. ಹೊಗೆಯ ಘಮದ ವಿಸ್ಕಿ ಇದ್ದರೆ ಅದು ಕೊನೆಗೆ. ಸಂಜೆಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ಸಾಧ್ಯವಾದರೆ ಮನೆಯವರೊಬ್ಬರು ಗ್ಲಾಸುಗಳಿಗೆ ಸುರಿದು ಅಂಕಿ ಹಚ್ಚಲಿ, ಯಾವುದು ಯಾವುದೆಂದು ಕೊನೆಯವರೆಗೂ ಹೇಳದಿರಲಿ. ದುಬಾರಿ ಲೇಬಲ್ಲು ನಮ್ಮ ನಾಲಿಗೆಯ ಮೇಲೆ ಎಷ್ಟು ಪ್ರಭಾವ ಬೀರುತ್ತದೆ ಎಂಬುದು ಆಗಲೇ ಅರಿವಾಗುವುದು. ಟಿಪ್ಪಣಿಗಳನ್ನು ಪರಸ್ಪರ ಮಾತನಾಡುವ ಮೊದಲೇ, ಕನ್ನಡದಲ್ಲೇ, ಮೂಗಿಗೆ ಹೊಳೆದ ಮೊದಲ ಪದದಲ್ಲಿ ಬರೆಯಿರಿ. ಒಬ್ಬರು ಖರ್ಜೂರ ಎಂದರೆ ಸಾಕು, ಉಳಿದವರಿಗೆಲ್ಲ ಅದೇ ಕಾಣತೊಡಗುತ್ತದೆ. ಸಿಹಿತಿಂಡಿ ಜೊತೆಗಿಡಬೇಡಿ, ಅದರ ಮುಂದೆ ವಿಸ್ಕಿ ಕಹಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಅಕ್ರೋಟು ಮತ್ತು ಕಹಿ ಚಾಕೊಲೇಟು ಚೆನ್ನಾಗಿ ಒಗ್ಗುತ್ತವೆ.

ತೆರೆದ ಬಾಟಲಿ

ಹೊಸದಾಗಿ ತೆರೆದ ಶೆರ್ರಿ ವಿಸ್ಕಿ ಅನೇಕ ಸಲ ಬಿಗಿಯಾಗಿರುತ್ತದೆ. ಮೊದಲ ದಿನದ ಟಿಪ್ಪಣಿಯನ್ನೇ ಅಂತಿಮ ಎನ್ನದೆ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ, ಬಾಟಲಿ ಅರ್ಧವಾದಾಗ ಇನ್ನೊಮ್ಮೆ ಅದೇ ಕ್ರಮದಲ್ಲಿ ಸವಿದು ಬರೆದಿಡಿ. ಬಾಟಲಿ ಯಾವಾಗಲೂ ನೇರವಾಗಿ ನಿಂತಿರಲಿ. ವೈನಿನಂತೆ ಮಲಗಿಸಿದರೆ ಬಲವಾದ ಮದ್ಯಸಾರ ಕಾರ್ಕನ್ನು ತಿನ್ನುತ್ತದೆ. ಬಿಸಿಲು ಬೀಳದ, ಅಡುಗೆಮನೆಯ ಬಿಸಿಯಿಂದ ದೂರದ ಮರದ ಕಪಾಟು ಒಳ್ಳೆಯದು. ಮಳೆಗಾಲದ ತೇವಕ್ಕೆ ಲೇಬಲ್ಲಿಗೆ ಬೂಷ್ಟು ಹಿಡಿಯುವುದರಿಂದ ಜೂನ್ ಬರುವ ಮೊದಲೇ ಬಾಟಲಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅದರ ಪೆಟ್ಟಿಗೆಯೊಳಗಿಡಿ. ಹಳೆಯ ಬಾಟಲಿಯ ಕಾರ್ಕು ತೆರೆಯುವಾಗ ತುಂಡಾಗುವುದುಂಟು. ಮುಗಿದ ಬಾಟಲಿಗಳ ಒಳ್ಳೆಯ ಕಾರ್ಕುಗಳನ್ನು ತೊಳೆದು ಒಣಗಿಸಿ ಇಟ್ಟುಕೊಂಡಿದ್ದರೆ ಆಗ ಕೆಲಸಕ್ಕೆ ಬರುತ್ತವೆ. ವಿಸ್ಕಿ ಮೂರನೇ ಒಂದು ಭಾಗಕ್ಕೆ ಇಳಿದಾಗ ಒಳಗಿನ ಗಾಳಿ ಅದರ ಹಣ್ಣಿನ ಘಮವನ್ನು ಬೇಗ ಸವೆಸುತ್ತದೆ. ಆಗ ಅದನ್ನು ಚೆನ್ನಾಗಿ ತೊಳೆದು ಒಣಗಿಸಿದ 100 ಮಿ.ಲೀ. ಗಾಜಿನ ಶೀಸೆಗಳಿಗೆ ಕಂಠದವರೆಗೆ ತುಂಬಿ, ಹೆಸರು, ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಬರೆದ ಚೀಟಿ ಅಂಟಿಸಿಡಿ. ಮುಂದಿನ ವರ್ಷದ ಬ್ಯಾಚು ಬಂದಾಗ ಪಕ್ಕದಲ್ಲಿಟ್ಟು ಹೋಲಿಸಲು ಅದರಲ್ಲೊಂದು ಶೀಸೆ ಮುಚ್ಚಿಯೇ ಉಳಿದಿರಬೇಕು.